ಇಲ್ಲದ ಕೆರೆಯೊಂದು ಕಾಣಿಸಿಕೊಂಡದ್ದು ಹೇಗೆ: ಥಾರ್ ಮರುಭೂಮಿಯ ಕೆಸರಿನ ಮೇಲೊಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಒಂದು ಭೂವಿಜ್ಞಾನ ವಿಭಾಗಕ್ಕೆ ರಾಜಸ್ಥಾನದ ಒಣ ಉಪ್ಪುಕೆರೆಯೊಂದರ ಕೋರ್, ಅಂದರೆ ನೆಲಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬ, ಬಂದಿತ್ತು. ನಾಲ್ಕು ಮೀಟರಿಗೆ ತುಸು ಕಡಿಮೆ ಉದ್ದದ ಕೆಸರು, ಪಿವಿಸಿ ಪೈಪಿನಲ್ಲಿ ಮೀಟರಿಗೊಂದರಂತೆ ತುಂಡುಗಳಾಗಿ. ತಾಣದ ಹೆಸರು, ಕೆಲಸ ಮಾಡಿದವರ ಗುರುತು, ಕಾಲಮಾಪನದ ಅಂಕಿಗಳನ್ನು ಇಲ್ಲಿ ಕೊಟ್ಟಿಲ್ಲ. ಅಂಕಿ ಕೊಟ್ಟರೆ ಯಾವ ಕೆರೆ ಎಂದು ಈ ಕ್ಷೇತ್ರದವರಿಗೆ ತಕ್ಷಣ ತಿಳಿಯುತ್ತದೆ. ಆಳ ಮತ್ತು ಶೇಕಡಾವಾರುಗಳನ್ನು ಸ್ಥೂಲವಾಗಿ ಕೊಡಲಾಗಿದೆ.

ಥಾರ್‌ನ ಸಾಂಭರ್, ಡೀಡ್ವಾನಾ, ಲೂಣಕರಣಸರ್, ಪಚಪದ್ರಾ ಮೊದಲಾದವು ಒಳಹರಿವಿನ ತಗ್ಗುಗಳು. ನೀರು ಒಳಗೆ ಬರುತ್ತದೆ, ಹೊರಗೆ ಹರಿಯುವುದಿಲ್ಲ; ಹೋಗುವುದೇನಿದ್ದರೂ ಆವಿಯಾಗಿ. ಹೀಗಾಗಿ ಮಳೆ ಹೆಚ್ಚಿದ ಕಾಲದಲ್ಲಿ ನೀರು ನಿಂತು ನುಣ್ಣನೆಯ ಕೆಸರು ಪದರಪದರವಾಗಿ ಕೂರುತ್ತದೆ, ಅದರೊಡನೆ ಪಾಚಿ, ಜಲಸಸ್ಯ, ಚಿಪ್ಪುಹುಳುಗಳ ಅವಶೇಷ ಉಳಿಯುತ್ತದೆ. ಮಳೆ ಕಡಿಮೆಯಾದಂತೆ ನೀರು ಗಟ್ಟಿ ಉಪ್ಪುನೀರಾಗಿ, ಮೊದಲು ಸುಣ್ಣ, ಆಮೇಲೆ ಜಿಪ್ಸಂ ಎಂಬ ಕ್ಯಾಲ್ಸಿಯಂ ಸಲ್ಫೇಟ್ ಲವಣ, ಕೊನೆಗೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಕೋರ್ ಓದುವವರು ನೋಡುವುದು ಈ ಎರಡು ಸಾಲುಗಳನ್ನೇ: ಎಲ್ಲಿ ಜೀವಾಂಶ ಹೆಚ್ಚಿದೆ, ಎಲ್ಲಿ ಲವಣ ಹೆಚ್ಚಿದೆ.

ಈ ಕೆರೆಗಳ ಇತಿಹಾಸಕ್ಕೆ ಅಂಟಿಕೊಂಡ ಒಂದು ದೊಡ್ಡ ವಾದವಿದೆ. 1970ರ ದಶಕದ ಆರಂಭದಲ್ಲಿ ಗುರುದೀಪ್ ಸಿಂಗ್ ಅವರು ರಾಜಸ್ಥಾನದ ಉಪ್ಪುಕೆರೆಗಳ ಪರಾಗಕಣಗಳನ್ನು ಓದಿ, ಹರಪ್ಪ ನಾಗರಿಕತೆಯ ಏಳುಬೀಳನ್ನು ಮಳೆಯ ಏರಿಳಿತಕ್ಕೆ ಜೋಡಿಸಿದರು. 1999ರಲ್ಲಿ ಲೂಣಕರಣಸರ್ ಕೆಸರಿನ ಮೇಲೆ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಪ್ರಶ್ನಿಸಿತು. ಆ ಕೆರೆ ರೇಡಿಯೋಕಾರ್ಬನ್ ಲೆಕ್ಕದಲ್ಲಿ ಸುಮಾರು 4,800, ಕ್ಯಾಲೆಂಡರ್ ಲೆಕ್ಕದಲ್ಲಿ ಸುಮಾರು 5,500 ವರ್ಷಗಳ ಹಿಂದೆಯೇ ಒಣಗಿತ್ತು, ಕ್ರಿ.ಪೂ. 2600ರಿಂದ 1900ರವರೆಗಿನ ಹರಪ್ಪ ನಗರಗಳ ಕಾಲಕ್ಕೆ ಅಲ್ಲಿ ನಿಂತ ನೀರಿರಲಿಲ್ಲ ಎಂಬುದು ಅದರ ಸಾರ. ಅಂದಮೇಲೆ ಥಾರ್‌ನ ಯಾವುದೇ ಕೋರ್‌ನಲ್ಲಿ ಆ ಒಣಗಿದ ಕಾಲದ ನಂತರ ಇನ್ನೊಂದು ಕೆರೆ ಕಾಣಿಸಿದರೆ ಅದು ಸುದ್ದಿಯೇ. ಈ ಪ್ರಕರಣದಲ್ಲಿ ಕಾಣಿಸಿದ್ದು ಅದೇ.

ಎರಡು ಉಬ್ಬುಗಳು

ಕೋರ್ ಅನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಪ್ಲಾಸ್ಟಿಕ್ ಹಾಳೆ ಸುತ್ತಿ 4 ಡಿಗ್ರಿಯ ಫ್ರಿಜ್‌ನಲ್ಲಿ ದಾಸ್ತಾನಿಟ್ಟರು. ಇನ್ನೊಂದು ಅರ್ಧದಿಂದ 2 ಸೆಂ.ಮೀ.ಗೊಂದರಂತೆ ಮಾದರಿ ತೆಗೆದು, ಎಲ್ಲವನ್ನೂ ಒಂದೇ ಸಲಕ್ಕೆ 105 ಡಿಗ್ರಿ ಓವನ್‌ಗೆ ಹಾಕಿದರು. ರಾತ್ರಿಯಿಡೀ ಒಣಗಿದ ಮೇಲೆ ತೂಗಿ, ಮಫಲ್ ಫರ್ನೇಸಿನಲ್ಲಿ 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು ಮತ್ತೆ ತೂಗಿದರು. ಈ ಎರಡು ತೂಕಗಳ ನಡುವೆ ಕಳೆದುಹೋದದ್ದು ಜೀವಾಂಶ ಎಂದು ಲೆಕ್ಕ. ಆಮೇಲೆ 950 ಡಿಗ್ರಿಯಲ್ಲಿ 2 ಗಂಟೆ. ಅಲ್ಲಿ ಕಳೆದದ್ದು ಸುಣ್ಣದ ಇಂಗಾಲದ ಡೈಆಕ್ಸೈಡ್. ಜಗತ್ತಿನಾದ್ಯಂತ ಕೆರೆಯ ಕೆಸರಿಗೆ ಬಳಸುವ ಅಗ್ಗದ, ಬಲ್ಲವರು ನೆಚ್ಚಿದ ಕ್ರಮವೇ ಇದು.

105 ಡಿಗ್ರಿಯನ್ನು ಯಾರೂ ಕೂತು ಆರಿಸಿದ್ದಲ್ಲ. ಈ ಭಾಗದ ಲ್ಯಾಬುಗಳಲ್ಲಿ ಓವನ್ ಗುಂಡಿ ಆ ಅಂಕಿಯ ಮೇಲೇ ಕೂತಿರುತ್ತದೆ. ಸಂಡೂರಿನ ಅದಿರಿನ ತೇವ ನೋಡುವುದಕ್ಕೂ ಅದೇ, ಎರೆಮಣ್ಣಿಗೂ ಅದೇ, ಮಸಾರಿಗೂ ಅದೇ.

ಬಂದ ಗ್ರಾಫಿನಲ್ಲಿ ಎರಡು ಉಬ್ಬುಗಳಿದ್ದವು. ಕೆಳಗಿನದು 210ರಿಂದ 290 ಸೆಂ.ಮೀ. ಆಳದಲ್ಲಿ, ಶೇ. 8ರಷ್ಟು. ಇದು ಎಲ್ಲರೂ ನಿರೀಕ್ಷಿಸಿದ್ದೇ, ಥಾರ್‌ನ ಹಳೆಯ ಮಳೆಗಾಲದ ಕೆರೆ. ಮೇಲಿನದು 60ರಿಂದ 110 ಸೆಂ.ಮೀ. ನಡುವೆ, ಶೇ. 5ರ ಆಸುಪಾಸು. ಅಕ್ಕಪಕ್ಕದ ಪದರಗಳಲ್ಲಿ ಇದು ಶೇ. 1 ದಾಟುವುದಿಲ್ಲ. ಆಳದ ಲೆಕ್ಕದಲ್ಲಿ ಈ ಮೇಲಿನ ಉಬ್ಬು ಹರಪ್ಪ ನಗರಗಳ ಕಾಲಕ್ಕೆ ಹತ್ತಿರ ಬೀಳುತ್ತಿತ್ತು. ಸಂಶೋಧನಾ ವಿದ್ಯಾರ್ಥಿ ಅದಕ್ಕೆ ‘ಎರಡನೆಯ ಕೆರೆ ಹಂತ’ ಎಂದು ಹೆಸರಿಟ್ಟು, ಸಮ್ಮೇಳನವೊಂದಕ್ಕೆ ಸಾರಾಂಶ ಕಳಿಸಿದ್ದೂ ಆಯಿತು.

ಪರೀಕ್ಷಿಸಿದ್ದು, ಒಪ್ಪಿಕೊಂಡದ್ದು

ಮಾರ್ಗದರ್ಶಕರು ಒಂದೇ ವಿಧಾನ ನಂಬುವವರಲ್ಲ. ಮೇಲಿನ ಉಬ್ಬನ್ನು ವಾಕ್ಲಿ–ಬ್ಲ್ಯಾಕ್ ವಿಧಾನದಲ್ಲಿ ಇನ್ನೊಮ್ಮೆ ನೋಡಿ ಎಂದರು. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಸಾವಯವ ಇಂಗಾಲವನ್ನು ಉತ್ಕರ್ಷಿಸಿ, ಉಳಿದ ಡೈಕ್ರೋಮೇಟನ್ನು ಟೈಟ್ರೇಟ್ ಮಾಡುವ ಈ ಕ್ರಮ ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ದಿನಬಳಕೆಯದು. ಅದರಲ್ಲೂ ಉಬ್ಬು ಬಂತು: ಅಕ್ಕಪಕ್ಕ ಶೇ. 0.3 ಇಂಗಾಲ ಇದ್ದರೆ ಇಲ್ಲಿ ಶೇ. 0.8.

ಆದರೆ ಅಳತೆ ಹೊಂದಲಿಲ್ಲ. ಶೇ. 0.8 ಇಂಗಾಲವನ್ನು 1.724ರಿಂದ ಗುಣಿಸಿದರೆ ಜೀವಾಂಶ ಶೇ. 1.4 ಆಗುತ್ತದೆ, ಸುಟ್ಟು ನೋಡಿದ ಲೆಕ್ಕ ಶೇ. 5 ಎನ್ನುತ್ತಿತ್ತು. ವಾಕ್ಲಿ–ಬ್ಲ್ಯಾಕ್ ಎಲ್ಲ ಇಂಗಾಲವನ್ನೂ ಹಿಡಿಯುವುದಿಲ್ಲ ಎಂಬುದು ಸರಿ, ಅದಕ್ಕೆಂದೇ 1.3ರ ತಿದ್ದುಪಡಿ ಬಳಸುತ್ತಾರೆ. ಆ ತಿದ್ದುಪಡಿ ಹಾಕಿದರೂ ಶೇ. 2 ದಾಟದು. ತಂಡ ಆಕಾರ ಹೊಂದಿತೆಂದು ಸಮಾಧಾನಪಟ್ಟು, ಅಳತೆಯ ವ್ಯತ್ಯಾಸವನ್ನು ‘ಹಳೆಯ ಇಂಗಾಲ ಸುಲಭಕ್ಕೆ ಕರಗದು’ ಎಂಬ ಸಾಲಿನಲ್ಲಿ ಮುಗಿಸಿತು. ಪ್ರಕರಣದ ನಿಜವಾದ ಕವಲುದಾರಿ ಇದೇ. ಎರಡು ವಿಧಾನಗಳು ಎರಡೂವರೆ ಪಟ್ಟಿಗೂ ಹೆಚ್ಚು ಬೇರೆ ಹೇಳುವಾಗ, ಅವು ಒಂದನ್ನೇ ಅಳೆಯುತ್ತಿವೆಯೇ ಎಂದು ಕೇಳಬೇಕಿತ್ತು.

ಇನ್ನೊಂದು ಸೂಚನೆಯೂ ಬಂದು ಹೋಗಿತ್ತು. ಒಣಗಿಸಿ ಕಾಗದದ ಪೊಟ್ಟಣದಲ್ಲಿಟ್ಟ ಮಾದರಿಗಳು ಮಳೆಗಾಲದಲ್ಲಿ ಮರುತೂಕ ಮಾಡಿದಾಗ ಭಾರವಾಗಿದ್ದವು. ಎರೆಮಣ್ಣಿನ ಜೇಡಿ ಗಾಳಿಯ ತೇವ ಹೀರುವುದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಗಾಗಿ ಕಾರಣ ಜೇಡಿ ಎಂದು ಬರೆದಿಟ್ಟರು. ಅತಿ ಹೆಚ್ಚು ತೂಕ ಏರಿದ್ದು ಮೇಲಿನ ಉಬ್ಬಿನ ಮಾದರಿಗಳಲ್ಲಿ, ಅವು ಜೇಡಿ ಕಡಿಮೆಯಿದ್ದ ಮರಳು ಕೆಸರು. ಈ ಎರಡು ಸಂಗತಿಗಳು ನೋಟ್‌ಬುಕ್ಕಿನ ಬೇರೆ ಬೇರೆ ಪುಟಗಳಲ್ಲಿ ಉಳಿದವು.

ಸವಳು ಬಲ್ಲವರ ಕಣ್ಣು

ಕ್ಲೋರೈಡ್ ಮತ್ತು ವಿದ್ಯುತ್ ವಾಹಕತೆ ಅಳೆಯಲು ಮಾದರಿಗಳನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದ್ದ ಒಂದು ಮಣ್ಣು ಪರೀಕ್ಷಾ ಲ್ಯಾಬಿಗೆ ಕಳಿಸಿದರು. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಸವಳು ಭೂಮಿ ಹೊಸದಲ್ಲ. ಅಂತರ್ಜಲ ಮೇಲೇರಿ ನೆಲಕ್ಕೆ ಒಂದೆರಡು ಮೀಟರ್ ಸಮೀಪ ಬಂದರೆ, ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಹತ್ತಿ ಬಂದು ಆವಿಯಾಗುತ್ತದೆ, ಉಪ್ಪು ಮೇಲೆ ಬೆಳ್ಳಗೆ ಉಳಿಯುತ್ತದೆ. ಥಾರ್‌ನ ಒಣಕೆರೆಯ ಅಂಗಳದಲ್ಲಿ ಸಾವಿರಾರು ವರ್ಷ ನಡೆದದ್ದೂ ಇದೇ ಕ್ರಿಯೆ. ಆ ಲ್ಯಾಬಿನ ಸಹಾಯಕಿ ವರ್ಷಗಟ್ಟಲೆ ಸವಳು ಮಣ್ಣಿನಲ್ಲೇ ಕೈಯಾಡಿಸಿದವರು. ಮಾದರಿಯ ಜತೆ ಬಂದ ಚೀಟಿಯಲ್ಲಿ ‘105ರಲ್ಲಿ ಒಣಗಿಸಿದ್ದು’ ಎಂದು ಓದಿ ಫೋನ್ ಮಾಡಿದರು.

“ಸರ್, ಇದ್ರಾಗ ಜಿಪ್ಸಂ ಭಾಳ ಐತ್ರಿ. 105ಕ್ಕ ಇಟ್ರ ಮಣ್ಣಿನ ನೀರಷ್ಟ ಅಲ್ರಿ, ಜಿಪ್ಸಂದು ನೀರೂ ಹೋಗ್ತೈತ್ರಿ. ಪೂರಾನೂ ಹೋಗಂಗಿಲ್ಲ, ಅರ್ಧಮರ್ಧ. ನಾವು ಇಂಥಾ ಮಣ್ಣು 40ರ ಮ್ಯಾಲ ಒಣಗಸಂಗಿಲ್ರಿ.”

ಆಕೆ ಮಾಡಿದ ಪರೀಕ್ಷೆ ಹತ್ತು ನಿಮಿಷದ್ದು. ಮಾದರಿಯನ್ನು ನೀರಿನಲ್ಲಿ ಕುಲುಕಿ ಸೋಸಿ, 5 ಮಿ.ಲೀ. ತಿಳಿನೀರಿಗೆ 5 ಮಿ.ಲೀ. ಅಸಿಟೋನ್ ಸೇರಿಸುವುದು. ಜಿಪ್ಸಂ ಇದ್ದರೆ ಹಾಲಿನಂತೆ ಬೆಳ್ಳಗಾಗಿ ತಳ ಕೂರುತ್ತದೆ. ಮೇಲಿನ ಉಬ್ಬಿನ ಎಲ್ಲ ಮಾದರಿಗಳೂ ಬೆಳ್ಳಗಾದವು, ಕೆಳಗಿನ ಉಬ್ಬಿನವು ತಿಳಿಯಾಗಿಯೇ ಉಳಿದವು. ವಾಹಕತೆ ಇನ್ನೊಂದು ಸಂಗತಿ ಹೇಳಿತು. ಜಿಪ್ಸಂ ಒಂದೇ ಇದ್ದರೆ, ಎಷ್ಟೇ ಇದ್ದರೂ, ಲೀಟರಿಗೆ ಸುಮಾರು 2.5 ಗ್ರಾಂಗಿಂತ ಹೆಚ್ಚು ಕರಗದು. ವಾಹಕತೆ ಮೀಟರಿಗೆ 2.2 ಡೆಸಿಸೀಮೆನ್ಸ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಇಲ್ಲಿ ಅದರ ಹತ್ತು ಪಟ್ಟು ದಾಟಿತ್ತು. ಅಂದರೆ ಜಿಪ್ಸಂ ಜತೆಗೆ ಸಾಕಷ್ಟು ಅಡುಗೆ ಉಪ್ಪೂ ಇದೆ.

ಲೆಕ್ಕ ಬಿಡಿಸಿದಾಗ

ಜಿಪ್ಸಂನ ತೂಕದಲ್ಲಿ ಶೇ. 20.9 ನೀರೇ. ಬಿಸಿ ಮಾಡಿದರೆ ಅದರ ಮುಕ್ಕಾಲು ಭಾಗ ಮೊದಲು ಹೋಗಿ ಬಸ್ಸನೈಟ್ ಎಂಬ ಖನಿಜವಾಗುತ್ತದೆ, ಮಿಕ್ಕ ಕಾಲುಭಾಗ ಇನ್ನೂ ಹೆಚ್ಚಿನ ಬಿಸಿಗೆ ಹೋಗುತ್ತದೆ. 105 ಡಿಗ್ರಿ ಈ ಕ್ರಿಯೆಯ ನಟ್ಟನಡುವೆ ಬೀಳುವ ಅಂಕಿ. ಓವನ್ ಎಷ್ಟು ತುಂಬಿದೆ, ಗಾಳಿಯಾಡುತ್ತದೆಯೇ, ಹೆಂಟೆ ಎಷ್ಟು ದಪ್ಪ, ಎಷ್ಟು ಹೊತ್ತು ಇಟ್ಟರು ಎಂಬುದರ ಮೇಲೆ ಎಷ್ಟು ನೀರು ಹೋಯಿತೆಂಬುದು ಬದಲಾಗುತ್ತದೆ. ಒಂದೇ ಸಲಕ್ಕೆ ಎಲ್ಲ ಮಾದರಿ ಒತ್ತೊತ್ತಾಗಿ ತುಂಬಿದ ಓವನ್‌ನಲ್ಲಿ ಅರೆಬರೆಯಾದದ್ದು ಸಹಜ. ಉಳಿದ ನೀರು 550ರಲ್ಲಿ ಹೊರಬಿದ್ದು ‘ಜೀವಾಂಶ’ದ ಖಾತೆಗೆ ಜಮೆಯಾಯಿತು. ಓವನ್‌ನಲ್ಲಿ ನೀರು ಕಳೆದುಕೊಂಡ ಜಿಪ್ಸಂ ಮಳೆಗಾಲದ ಗಾಳಿಯಿಂದ ಅದನ್ನು ಮತ್ತೆ ಹೀರಿಕೊಳ್ಳಬಲ್ಲದು; ಪೊಟ್ಟಣದ ಮಾದರಿಗಳು ಭಾರವಾದದ್ದಕ್ಕೆ ಜೇಡಿಗಿಂತ ಇದೇ ಹೊಂದುವ ಕಾರಣ.

ಮೇಲಿನ ಉಬ್ಬಿನಲ್ಲಿ ಜಿಪ್ಸಂ ಶೇ. 30ರಷ್ಟಿತ್ತು. ಅದರ ನೀರೇ ಮಾದರಿಯ ಶೇ. 6.3. ಅದರಲ್ಲಿ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ ಓವನ್ ದಾಟಿ ಉಳಿದರೂ ಶೇ. 4ರ ಸುಳ್ಳು ಜೀವಾಂಶ ಸಿಕ್ಕಂತೆ. ನಿಜವಾದ ಶೇ. 1ಕ್ಕೆ ಅದನ್ನು ಕೂಡಿದರೆ ಗ್ರಾಫಿನ ಶೇ. 5 ಸಿದ್ಧ.

ಹಾಗಾದರೆ ವಾಕ್ಲಿ–ಬ್ಲ್ಯಾಕ್ ಉಬ್ಬು ಎಲ್ಲಿಂದ ಬಂತು? ಅದಕ್ಕೆ ಜಿಪ್ಸಂನ ಹಂಗಿಲ್ಲ. ಅಲ್ಲಿನ ಅಪರಾಧಿ ಅಡುಗೆ ಉಪ್ಪಿನ ಕ್ಲೋರೈಡ್. ಡೈಕ್ರೋಮೇಟ್ ಇಂಗಾಲದೊಡನೆ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ. ಕ್ಲೋರೈಡ್ ಶೇಕಡಾವಾರನ್ನು 12ರಿಂದ ಭಾಗಿಸಿದಷ್ಟು ಸುಳ್ಳು ಇಂಗಾಲ ಸೇರುತ್ತದೆ. ಇಲ್ಲಿ ಕ್ಲೋರೈಡ್ ಶೇ. 6, ಸುಳ್ಳು ಇಂಗಾಲ ಶೇ. 0.5. 0.8ರಲ್ಲಿ 0.5 ಕಳೆದರೆ ಉಳಿಯುವುದು 0.3, ಅಕ್ಕಪಕ್ಕದ ಪದರದಷ್ಟೇ. ಸಾಮಾನ್ಯ ಎರೆಮಣ್ಣಿಗೆ ಬೇಕಿಲ್ಲವೆಂದು ಲ್ಯಾಬಿನಲ್ಲಿ ಬಿಟ್ಟುಬಿಡುವ ಸಿಲ್ವರ್ ಸಲ್ಫೇಟ್ ಬೆರೆಸಿದ ಆಮ್ಲವನ್ನು ಬಳಸಿದ್ದರೆ ಈ ಉಬ್ಬು ಏಳುತ್ತಿರಲಿಲ್ಲ.

ಕೆರೆ ಒಣಗಿದಾಗ ಜಿಪ್ಸಂ, ಉಪ್ಪು ಎರಡೂ ಒಟ್ಟಿಗೆ ಏರುತ್ತವೆ. ಒಂದು ವಿಧಾನವನ್ನು ಜಿಪ್ಸಂ ಕೆಡಿಸುತ್ತದೆ, ಇನ್ನೊಂದನ್ನು ಉಪ್ಪು ಕೆಡಿಸುತ್ತದೆ, ಎರಡೂ ಒಂದೇ ದಿಕ್ಕಿಗೆ. ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳೆಂದು ತಂಡ ಭಾವಿಸಿದ್ದವು ಬರಗಾಲವನ್ನೇ ಮಳೆಗಾಲವೆಂದು ಹೇಳಿದವು. ಬರೀ ಪ್ರಮಾಣದಲ್ಲಿ ತಪ್ಪಿದ್ದರೆ ಅದು ಸಣ್ಣ ಮಾತು; ಇಲ್ಲಿ ಅರ್ಥವೇ ತಲೆಕೆಳಗಾಯಿತು.

ಮತ್ತೆ ಮಾಡಿದ್ದು

ಫ್ರಿಜ್‌ನಲ್ಲಿ ಇಟ್ಟ ಅರ್ಧ ಕೋರ್ ಇಲ್ಲದಿದ್ದರೆ ಇಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅದರ ಸೀಳಿದ ಮುಖದ ಮೇಲೂ ಬಿಳಿ ಹರಳು ಹೂಬಿಟ್ಟಿತ್ತು, ಸೀಳುವಾಗ ಬಳ್ಳಾರಿಯ ಬೇಸಿಗೆಯಲ್ಲಿ ಕೆಲಹೊತ್ತು ತೆರೆದಿಟ್ಟದ್ದರ ಫಲ. ಮೇಲಿನ 5 ಮಿ.ಮೀ. ಕೆರೆದು ತೆಗೆದು ಒಳಗಿನ ಕೆಸರನ್ನು ಮಾತ್ರ ಬಳಸಿದರು.

ಮಾದರಿಗಳನ್ನು 40 ಡಿಗ್ರಿಯಲ್ಲಿ, 24 ಗಂಟೆ ಅಂತರದ ಎರಡು ತೂಕಗಳು ಒಂದೇ ಬರುವವರೆಗೆ ಒಣಗಿಸಿದರು. ಜಿಪ್ಸಂ ಅಳೆಯಲು 1 ಗ್ರಾಂ ಮಾದರಿಯನ್ನು 500 ಮಿ.ಲೀ. ನೀರಿನಲ್ಲಿ ರಾತ್ರಿಯಿಡೀ ಕುಲುಕಿಸಿದರು. ಮಣ್ಣಿಗೆ ರೂಢಿಯಲ್ಲಿರುವ 1:5 ಅನುಪಾತ ಇಲ್ಲಿ ಉಪಯೋಗವಿಲ್ಲ. 20 ಗ್ರಾಂ ಮಣ್ಣಿಗೆ 100 ಮಿ.ಲೀ. ನೀರು ಹಾಕಿದರೆ ಕಾಲು ಗ್ರಾಂ ಜಿಪ್ಸಂ ಮಾತ್ರ ಕರಗುತ್ತದೆ, ಶೇ. 1.25 ದಾಟಿದ್ದು ಏನೇ ಇದ್ದರೂ ಕಾಣದೆ ತಳದಲ್ಲೇ ಕೂರುತ್ತದೆ. ಸೋಸಿದ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿ ಬಂದ ಬೇರಿಯಂ ಸಲ್ಫೇಟನ್ನು ತೂಗಿ 0.738ರಿಂದ ಗುಣಿಸಿದರೆ ಜಿಪ್ಸಂ ತೂಕ. ಬೇರೆ ಸಲ್ಫೇಟ್ ಲವಣಗಳಿದ್ದರೆ ಇದೂ ಹೆಚ್ಚು ತೋರಿಸುತ್ತದೆ. ಅದಕ್ಕೇ ಹರಳಿನ ರಚನೆಯಿಂದ ಖನಿಜವನ್ನು ಗುರುತಿಸುವ ಎಕ್ಸ್‌ರೇ ವಿವರ್ತನೆ ಬೇಕಾಯಿತು.

ಎಕ್ಸ್‌ರೇ ಚಿತ್ರದಲ್ಲಿ, ತಾಮ್ರದ ನಳಿಕೆ ಬಳಸಿದಾಗ, ಜಿಪ್ಸಂ ಶಿಖರ 11.6 ಡಿಗ್ರಿಗೆ, ಬಸ್ಸನೈಟ್ 14.7ಕ್ಕೆ, ಉಪ್ಪು 31.7ಕ್ಕೆ ಬರುತ್ತದೆ. ಹೊಸ ಮಾದರಿಯಲ್ಲಿ 14.7ರ ಶಿಖರ ಇರಲೇ ಇಲ್ಲ. ಹಳೆಯ, 105ರಲ್ಲಿ ಒಣಗಿದ ಮಾದರಿಯಲ್ಲಿ ಎರಡೂ ಇದ್ದವು. ಓವನ್ ಮಾಡಿದ ಕೆಲಸಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ. ಪುಡಿ ಮಾಡುವಾಗಲೂ ಎಚ್ಚರ ಬೇಕು: ಯಂತ್ರದ ಗಿರಣಿಯ ಬಿಸಿಗೇ ಜಿಪ್ಸಂ ನೀರು ಬಿಡಬಹುದು, ಆದ್ದರಿಂದ ಅಗೇಟ್ ಒರಳಿನಲ್ಲಿ ಎಥನಾಲ್ ಹಾಕಿ ಕೈಯಿಂದ ಅರೆದರು.

950 ಡಿಗ್ರಿಯ ಸುಣ್ಣದ ಲೆಕ್ಕವನ್ನೂ ಬಿಡಬೇಕಾಯಿತು. ಅಡುಗೆ ಉಪ್ಪು 801 ಡಿಗ್ರಿಗೆ ಕರಗಿ ಆವಿಯಾಗತೊಡಗುತ್ತದೆ, ಆ ತೂಕವೂ ಸುಣ್ಣದ ಖಾತೆಗೆ ಸೇರುತ್ತದೆ.

ಫಲಿತಾಂಶ: ಸುಟ್ಟಾಗ ಕಳೆದ ತೂಕದಿಂದ ಖನಿಜಗಳ ನೀರನ್ನು ಕಳೆದು ಲೆಕ್ಕ ಹಾಕಿದಾಗ ಮೇಲಿನ ಉಬ್ಬು ಮಾಯವಾಯಿತು. ಕೆಳಗಿನದು ಉಳಿಯಿತು, ತುಸು ತಗ್ಗಿತು ಅಷ್ಟೇ. ಅಲ್ಲಿ ಜೇಡಿ ಹೆಚ್ಚಿದ್ದು, 550ರಲ್ಲಿ ಜೇಡಿಖನಿಜಗಳ ಒಳನೀರೂ ಸ್ವಲ್ಪ ಹೋಗಿತ್ತು. ಆ ಭಾಗಕ್ಕೆ ಬೇರೆ ಸಾಕ್ಷಿಗಳೂ ಇದ್ದವು: ತೆಳು ಪದರಗಳು ಕದಡದೆ ಉಳಿದಿದ್ದವು, ಸಿಹಿನೀರಿನಿಂದ ಸಪ್ಪೆ ಉಪ್ಪುನೀರಿನವರೆಗೆ ಬೆಳೆಯುವ ಚಾರಾ ಎಂಬ ಜಲಸಸ್ಯದ ಸುಣ್ಣಗಟ್ಟಿದ ಬೀಜಕೋಶಗಳು ಜರಡಿಯಲ್ಲಿ ಸಿಕ್ಕವು. ಅದು ನಿಜವಾಗಿ ನೀರು ನಿಂತ ಕೆರೆ.

ಇನ್ನೊಂದು ಆಸೆ, ಇನ್ನೊಂದು ತಡೆ

ಸಾರಾಂಶವನ್ನು ಹಿಂಪಡೆದರು. ಆದರೆ ಕತೆ ತಿರುಗಿ ನಿಂತದ್ದೇ ತಡ, ವಿದ್ಯಾರ್ಥಿಗೆ ಹೊಸ ಶೀರ್ಷಿಕೆ ಹೊಳೆಯಿತು: ‘ಹರಪ್ಪ ಕಾಲದ ಬರಕ್ಕೆ ಜಿಪ್ಸಂ ಸಾಕ್ಷಿ’. ಈ ಸಲ ಮಾರ್ಗದರ್ಶಕರು ಕೆಸರಿನ ತೆಳುಚೂರು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡದೆ ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ.

ಜಿಪ್ಸಂ ಪದರ ಎರಡು ಬಗೆಯಲ್ಲಿ ಹುಟ್ಟುತ್ತದೆ. ನಿಂತ ಉಪ್ಪುನೀರಿನ ತಳದಲ್ಲಿ ಹರಳುಗಟ್ಟಿ ಕೂತರೆ, ಅದು ಆ ಪದರದ ಕಾಲದ್ದೇ. ಕೆರೆ ಒಣಗಿ ಎಷ್ಟೋ ಕಾಲದ ಮೇಲೆ ಅಂತರ್ಜಲ ಮೇಲೇರುತ್ತ ಹಳೆಯ ಕೆಸರಿನೊಳಗೇ ಹರಳು ಬೆಳೆದರೆ, ಕೆಸರಿನ ವಯಸ್ಸೇ ಬೇರೆ, ಜಿಪ್ಸಂ ವಯಸ್ಸೇ ಬೇರೆ. ಎರಡನೆಯ ಬಗೆಯ ಹರಳುಗಳು ಮಸೂರದ ಆಕಾರದಲ್ಲಿ ಅಡ್ಡಾದಿಡ್ಡಿ ಇರುತ್ತವೆ, ಸುತ್ತಲಿನ ತೆಳು ಪದರಗಳನ್ನು ತಳ್ಳಿ ಬಗ್ಗಿಸಿರುತ್ತವೆ. ತೆಳುಚೂರು ಕೊಯ್ಯಲು ನೀರು ಬಳಸಿದರೆ ನೋಡಬೇಕಾದ್ದೇ ಕರಗಿಹೋಗುತ್ತದೆ, ಸೀಮೆಎಣ್ಣೆಯಲ್ಲಿ ಕೊಯ್ದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬಹುಪಾಲು ಮಸೂರ ಹರಳುಗಳು, ಬಾಗಿದ ಪದರಗಳು.

ಹೀಗಾಗಿ ಬರೆಯಬಹುದಾದದ್ದು ಇಷ್ಟೇ: 60ರಿಂದ 110 ಸೆಂ.ಮೀ. ನಡುವೆ ಎರಡನೆಯ ಕೆರೆಗೆ ಪುರಾವೆಯಿಲ್ಲ. ಅಲ್ಲಿನ ಜಿಪ್ಸಂ ಕೆಸರಿಗಿಂತ ಈಚಿನದು. ಎಷ್ಟು ಈಚಿನದೆಂದು ಈ ಕೋರ್ ಹೇಳದು. ಲೂಣಕರಣಸರ್ ಕತೆಗೆ ಇದು ವಿರುದ್ಧವಲ್ಲ, ಬೆಂಬಲವೂ ಅಲ್ಲ.

ವಯಸ್ಸಿನ ಲೆಕ್ಕಕ್ಕೂ ಓವನ್ ಕೈಹಾಕಿತ್ತು. ಮರಳಿನ ಕ್ವಾರ್ಟ್ಜ್ ಕಣಗಳು ಕೊನೆಯ ಬಾರಿ ಬೆಳಕು ಕಂಡದ್ದು ಯಾವಾಗ ಎಂದು ಅಳೆಯುವ ದೀಪ್ತಿ ವಿಧಾನಕ್ಕೆ ಎರಡು ಮಾದರಿ ಕಳಿಸಿದ್ದರು. ಆ ಲೆಕ್ಕದಲ್ಲಿ ಮಣ್ಣಿನ ತೇವಾಂಶ ಬೇಕು, ಏಕೆಂದರೆ ರಂಧ್ರಗಳ ನೀರು ವಿಕಿರಣವನ್ನು ಹೀರುತ್ತದೆ, ತೇವಾಂಶ ಶೇ. 1 ಹೆಚ್ಚಿಗೆ ಹಾಕಿದರೆ ವಯಸ್ಸೂ ಸುಮಾರು ಶೇ. 1 ಹೆಚ್ಚುತ್ತದೆ. 105ರಲ್ಲಿ ಒಣಗಿಸಿ ತೆಗೆದ ತೇವಾಂಶದಲ್ಲಿ ಜಿಪ್ಸಂನ ಹರಳುನೀರೂ ರಂಧ್ರದ ನೀರೆಂದು ಸೇರಿಕೊಂಡಿತ್ತು. 40ರ ಅಂಕಿ ಹಾಕಿ ಲೆಕ್ಕ ತಿದ್ದಿದಾಗ ಮೇಲಿನ ಮಾದರಿಯ ವಯಸ್ಸು ಇಳಿಯಿತು, ಜಿಪ್ಸಂ ಇಲ್ಲದ ಕೆಳಗಿನದು ಹಾಗೇ ಉಳಿಯಿತು.

ರೇಡಿಯೋಕಾರ್ಬನ್ ಕಾಲಮಾಪನಕ್ಕೆ ಇದ್ದಿಲಿನ ಚೂರುಗಳನ್ನಷ್ಟೇ ಆರಿಸಿದ್ದು ಮೊದಲಿಂದಲೂ ಸರಿಯಾದ ನಿರ್ಧಾರ. ಮರುಭೂಮಿಯ ಕೆರೆಯಲ್ಲಿ ಸುಣ್ಣವನ್ನೋ ಚಿಪ್ಪನ್ನೋ ಕಳಿಸಿದರೆ, ಹಳೆಯ ಸುಣ್ಣ ಕರಗಿ ಬಂದ ಅಂತರ್ಜಲದ ಸತ್ತ ಇಂಗಾಲ (ವಿಕಿರಣಶೀಲ ಅಂಶ ಪೂರ್ತಿ ಕಳೆದುಹೋದದ್ದು) ಅದರಲ್ಲಿ ಸೇರಿ ವಯಸ್ಸನ್ನು ಹೆಚ್ಚಿಸಿಬಿಡುತ್ತದೆ.

ಮುಂದಿನ ಕೋರ್‌ಗೆ ಬದಲಾದ ಕ್ರಮ

ವಿಭಾಗದಲ್ಲಿ ಈಗ ಒಣಕೆರೆಯ ಕೆಸರು ಬಂದರೆ ಓವನ್‌ಗೆ ಮೊದಲು ಅಸಿಟೋನ್ ಬಾಟಲಿ ಹೊರಬರುತ್ತದೆ. ಪ್ರತಿ 10 ಸೆಂ.ಮೀ.ಗೆ ಒಂದು ಚಿಟಿಕೆ ಹಸಿ ಕೆಸರು, ಅಸಿಟೋನ್ ಮತ್ತು ವಾಹಕತೆ ಪರೀಕ್ಷೆ. ಬೆಳ್ಳಗಾದ ಭಾಗವನ್ನು ಗುರುತು ಹಾಕಿ 40 ಡಿಗ್ರಿಯ ಸಾಲಿಗೆ, ತಿಳಿಯಾದದ್ದನ್ನು 105ರ ಸಾಲಿಗೆ. ಚೀಟಿಯಲ್ಲಿ ಒಣಗಿಸಿದ ಉಷ್ಣಾಂಶ, ಹೊತ್ತು ಎರಡೂ ಬರೆಯುವುದು ಕಡ್ಡಾಯ. ಆ ಒಂದು ಸಾಲಿಲ್ಲದಿದ್ದರೆ ಸವಳು ಲ್ಯಾಬಿನಿಂದ ಫೋನ್ ಬರುತ್ತಿರಲಿಲ್ಲ. ಉಪ್ಪಿರುವ ಭಾಗಕ್ಕೆ ನೀರಿನ ಜರಡಿ ಹಾಕುವ ಮೊದಲು ಖನಿಜಗಳ ಅಳತೆ ಮುಗಿದಿರಬೇಕು, ಒಮ್ಮೆ ತೊಳೆದರೆ ಉಪ್ಪು ಮತ್ತೆ ಸಿಗದು.

105ರಲ್ಲಿ ಒಣಗಿದ ಹಳೆಯ ಮಾದರಿಗಳನ್ನು ಎಸೆದಿಲ್ಲ. ಅವುಗಳಿಂದ ಜಿಪ್ಸಂ, ತೇವ, ಜೀವಾಂಶ ಯಾವುದನ್ನೂ ಅಳೆಯಬಾರದೆಂದು ಡಬ್ಬಿಯ ಮೇಲೆ ಬರೆದಿದೆ. ಲವಣ ತೊಳೆದ ಮೇಲೆ ಉಳಿಯುವ ಮರಳಿನ ಕಣಗಾತ್ರಕ್ಕೆ ಅವು ಸಾಕು. ಒಣಕಾಲದಲ್ಲಿ ಗಾಳಿ ತಂದ ಮರಳೆಷ್ಟು ಎಂಬ ಲೆಕ್ಕಕ್ಕೆ ವಿದ್ಯಾರ್ಥಿ ಈಗ ಅವನ್ನೇ ಬಳಸುತ್ತಿದ್ದಾರೆ.